‘ಹುಳಿ ಆಗಲ್ಲ’ ಎನ್ನುವವರಿಗೆ: ಯಾವ ಹುಳಿ, ಎಲ್ಲಿ ಉರಿ ಎಂದು ಮನೆಯಲ್ಲೇ ಹುಡುಕುವ ದಾರಿ

ಊಟದ ಶುರುವಿಗೆ ತಂಬುಳಿ, ಅನ್ನಕ್ಕೆ ಹುಣಸೆಹುಳಿಯ ಸಾರು, ಮಳೆಗಾಲದ ಪತ್ರೊಡೆಗೆ ವಾಟೆಹುಳಿ, ಬೇಸಿಗೆಗೆ ಅಪ್ಪೆಹುಳಿ, ಕೊನೆಗೆ ಮಜ್ಜಿಗೆ. ಮಲೆನಾಡಿನ ಊಟದಿಂದ ಹುಳಿ ತೆಗೆದರೆ ಹೆಚ್ಚೇನೂ ಉಳಿಯುವುದಿಲ್ಲ. ಆದರೂ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಯಾರ ಮನೆಗೆ ಹೋದರೂ "ನಂಗೆ ಹುಳಿ ಆಗಲ್ಲ" ಎನ್ನುವವರು ಸಿಗುತ್ತಾರೆ. ಒಬ್ಬರಿಗೆ ಎದೆಯುರಿ, ಇನ್ನೊಬ್ಬರಿಗೆ ಬಾಯಿ ಹುಣ್ಣು, ಮತ್ತೊಬ್ಬರಿಗೆ ಮೈ ತುರಿಕೆ. ಎಲ್ಲರೂ ಮಾಡುವುದು ಒಂದೇ, ಹುಳಿಯನ್ನೆಲ್ಲ ಬಿಟ್ಟುಬಿಡುವುದು.

ಇದು ನನಗೆ ಸರಿ ಕಾಣುವುದಿಲ್ಲ. ಹುಣಸೆಯ ಆಮ್ಲ ಬೇರೆ, ನಿಂಬೆಯದು ಬೇರೆ, ಮಜ್ಜಿಗೆಯದು ಬೇರೆ. ಎಷ್ಟೋ ಸಲ ತೊಂದರೆ ಕೊಡುವುದು ಆಮ್ಲವೇ ಅಲ್ಲ, ಅದರ ಜೊತೆಗೆ ಬಂದ ಇನ್ಯಾವುದೋ ವಸ್ತು. ನಿಮಗೆ ಯಾವುದು ಆಗುವುದಿಲ್ಲ ಎಂದು ಗೊತ್ತಾದರೆ ಅದೊಂದನ್ನು ಬಿಟ್ಟು ಉಳಿದದ್ದನ್ನು ನೆಮ್ಮದಿಯಾಗಿ ತಿನ್ನಬಹುದು. ಹುಡುಕುವುದು ಹೇಗೆ ಎಂದು ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು: ಮನೆಯಲ್ಲಿ ಪ್ರಯೋಗ ಮಾಡಬಾರದವರು

ಏನಾದರೂ ತಿಂದ ಸ್ವಲ್ಪ ಹೊತ್ತಿಗೇ ತುಟಿ, ನಾಲಿಗೆ ಊದಿಕೊಂಡು ಉಸಿರಾಡಲು ಕಷ್ಟವಾಗಿದ್ದರೆ ಅದನ್ನು ಮತ್ತೆ ತಿಂದು ನೋಡಲು ಹೋಗಬೇಡಿ. ಅದು ತುರ್ತು ಚಿಕಿತ್ಸೆಯ ವಿಷಯ. ಅನ್ನ ನುಂಗುವಾಗ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಮಲ ಟಾರಿನ ಹಾಗೆ ಕಪ್ಪಗೆ ಹೋಗುವುದು, ವಾಂತಿಯಲ್ಲಿ ರಕ್ತ, ಇವು ಇದ್ದರೂ ಅಷ್ಟೇ. ಎದೆಯ ನೋವು ತೋಳಿಗೋ ದವಡೆಗೋ ಹರಿದು, ಬೆವರೂ ಬಂದರೆ "ಗ್ಯಾಸ್ಟ್ರಿಕ್ ಇರಬೇಕು" ಎಂದು ಸೋಡಾ ಕುಡಿದು ಕೂರಬೇಡಿ. ಅದು ಹೃದಯದ್ದಿರಬಹುದು. ಹಳ್ಳಿಯಿಂದ ಪಟ್ಟಣ ದೂರ, ಮಳೆಗಾಲದಲ್ಲಿ ಇನ್ನೂ ದೂರ. ಹಾಗಾಗಿ ಬೆಳಗಾಗಲಿ ಎಂದು ಕಾಯದೆ ಆಗಲೇ ಹೊರಡಿ.

ಸಣ್ಣ ಮಕ್ಕಳು, ಬಸುರಿಯರು, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಆಹಾರ ಬಿಟ್ಟು ನೋಡುವುದು ಬೇಡ.

ಎರಡನೆಯದು: ಒಂದು ನೋಟ್‌ಬುಕ್

ಹಳೆಯ ಕ್ಯಾಲೆಂಡರಿನ ಹಿಂಬದಿ ಇದ್ದರೂ ಸಾಕು. ಏನು ತಿಂದಿರಿ, ಎಷ್ಟು ಹೊತ್ತಿಗೆ, ತೊಂದರೆ ಎಲ್ಲಿ, ಎಷ್ಟು ಹೊತ್ತಿನ ನಂತರ ಎಂದು ಬರೆಯಿರಿ. ಇದರಲ್ಲಿ ಮುಖ್ಯವಾದದ್ದು ‘ಎಲ್ಲಿ’ ಮತ್ತು ‘ಎಷ್ಟು ಹೊತ್ತಿನ ನಂತರ’. ತಿನ್ನುತ್ತಿರುವಾಗಲೇ ಬಾಯಿ ಉರಿದರೆ ಬಾಯಿಯ ಒಳಪದರದಲ್ಲಿ ಏನೋ ಇದೆ. ಉಂಡು ಮಲಗಿದ ಮೇಲೆ ಎದೆ ಉರಿದು ಹುಳಿತೇಗು ಬಂದರೆ ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಹತ್ತುತ್ತಿದೆ. ಒಂದೆರಡು ಗಂಟೆ ಬಿಟ್ಟು ಹೊಟ್ಟೆ ಉಬ್ಬರಿಸಿ ಭೇದಿಯಾದರೆ ಹಾಲಿನ ಸಕ್ಕರೆಯ ಕಡೆ ನೋಡಬೇಕು. ಎರಡು ದಿನ ಬಿಟ್ಟು ಚರ್ಮ ಎದ್ದರೆ ಅದು ತಿಂದದ್ದಲ್ಲ, ಮುಟ್ಟಿದ್ದು ಇರಬಹುದು.

ಮಾತ್ರೆಗಳನ್ನೂ ಬರೆಯಿರಿ. ತೋಟದ ಕೆಲಸ ಮುಗಿಸಿ ಮೈಕೈ ನೋವಿಗೆ ಸುಮ್ನೆ ನುಂಗುವ ನೋವಿನ ಮಾತ್ರೆ ಹೊಟ್ಟೆಯ ಪದರವನ್ನು ಕೆಡಿಸುತ್ತದೆ. ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ನುಂಗಿ ತಕ್ಷಣ ಮಲಗಿದರೆ ಅದು ಅನ್ನನಾಳದಲ್ಲೇ ಅಂಟಿಕೊಂಡು ಸುಡುತ್ತದೆ. ಮರುದಿನ ಸಾರು ಉಂಡಾಗ ಉರಿಯುತ್ತದೆ, ಬೈಸಿಕೊಳ್ಳುವುದು ಹುಣಸೆಹುಳಿ.

ಮೂರನೆಯದು: ಯಾವ ಹುಳಿಯಲ್ಲಿ ಏನಿದೆ

ಹಣ್ಣು, ಹಾಲುಗಳಿಂದ ಆಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿದ್ದು ಸ್ವೀಡನ್ನಿನಲ್ಲಿ ಔಷಧದ ಅಂಗಡಿ ನಡೆಸುತ್ತಿದ್ದ ಕಾರ್ಲ್ ವಿಲ್ಹೆಲ್ಮ್ ಶೀಲೆ. ಹುಳಿ ಹಾಲಿನಿಂದ ಲ್ಯಾಕ್ಟಿಕ್ ಆಮ್ಲ 1780ರಲ್ಲಿ, ನಿಂಬೆ ರಸದಿಂದ ಸಿಟ್ರಿಕ್ ಆಮ್ಲ 1784ರಲ್ಲಿ, ಸೇಬಿನಿಂದ ಮ್ಯಾಲಿಕ್ ಆಮ್ಲ 1785ರಲ್ಲಿ. ನಮ್ಮ ಅಡುಗೆಮನೆಯ ಹುಳಿಗಳನ್ನೂ ಹೀಗೇ ವಿಂಗಡಿಸಬಹುದು.

ನಿಂಬೆ, ಕಂಚಿ, ಹೇರಳೆ, ಕಿತ್ತಳೆ, ಇವೆಲ್ಲ ಮುಖ್ಯವಾಗಿ ಸಿಟ್ರಿಕ್ ಆಮ್ಲ. ನಿಂಬೆ ರಸದಲ್ಲಿ ಅದು ನೂರಕ್ಕೆ ಐದಾರು ಪಾಲು. ಟೊಮೆಟೊದಲ್ಲೂ ಇದೇ ಜಾಸ್ತಿ, ಆದರೆ ಪ್ರಮಾಣ ಬಹಳ ಕಡಿಮೆ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ. ಹೆಚ್ಚಿನ ಹಣ್ಣುಗಳು ಮಾಗಿದಂತೆ ಹುಳಿ ಕಳೆದುಕೊಳ್ಳುತ್ತವೆ. ಹುಣಸೆ ಹಾಗಲ್ಲ. ಮಾಗಿದಾಗ ಸಕ್ಕರೆ ಸೇರುತ್ತದೆ, ಆಮ್ಲ ಇದ್ದಲ್ಲೇ ಇರುತ್ತದೆ. ಹಣ್ಣು ಹುಣಸೆ ಸಿಹಿಯಾಗಿದೆ ಎಂದು ಅದರ ಹುಳಿ ತಗ್ಗಿದೆ ಎಂದುಕೊಳ್ಳಬೇಡಿ.

ಮಾವಿನ ಮಿಡಿಯಲ್ಲಿ ಸಿಟ್ರಿಕ್ ಮತ್ತು ಮ್ಯಾಲಿಕ್. ಮಜ್ಜಿಗೆ, ಮೊಸರು, ಹುದುಗಿದ ದೋಸೆ ಹಿಟ್ಟಿನಲ್ಲಿ ಲ್ಯಾಕ್ಟಿಕ್. ವಿನೆಗರಿನಲ್ಲಿ ಅಸಿಟಿಕ್. ನೆಲ್ಲಿಕಾಯಿಯಲ್ಲಿ ಆಸ್ಕಾರ್ಬಿಕ್ ಆಮ್ಲ, ಅಂದರೆ ಸಿ ಜೀವಸತ್ವ, ಜೊತೆಗೆ ಬಾಯಿ ಒಗರು ಮಾಡುವ ಟ್ಯಾನಿನ್.

ನಮ್ಮ ಘಟ್ಟದ ಕಾಡುಹಣ್ಣುಗಳಾದ ಉಪ್ಪಾಗೆ ಮತ್ತು ಮುರುಗಲದ (ಕೋಕಂ) ಕಥೆಯೇ ಬೇರೆ. ಉಪ್ಪಾಗೆ ಸಿಪ್ಪೆಯ ಹುಳಿಗೆ ಸಿಟ್ರಿಕ್, ಟಾರ್ಟಾರಿಕ್ ಆಮ್ಲಗಳೇ ಕಾರಣ ಎಂದು ಬಹಳ ಕಾಲ ನಂಬಿದ್ದರು. ಅದರ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಎಂದು 1965ರಲ್ಲಿ ತೋರಿಸಿದ್ದು ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್. ಕೆಲಸ ನಡೆದದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ. ಆಮೇಲೆ ಇದೇ ಆಮ್ಲ ತೂಕ ಇಳಿಸುವ ಕ್ಯಾಪ್ಸೂಲ್ ಆಗಿ ಲೋಕವೆಲ್ಲ ಸುತ್ತಿತು. ಮಳೆಯಲ್ಲಿ ಕಾಡಿನಿಂದ ಹೆಕ್ಕಿ ತಂದು, ಹೊಗೆಯಲ್ಲಿ ಒಣಗಿಸಿದ ನಮ್ಮ ಜನರ ಉಪ್ಪಾಗೆ ಅದಕ್ಕೆ ಕಚ್ಚಾವಸ್ತು. ಅಡುಗೆಗೆ ಎರಡು ಸಿಪ್ಪೆ ಹಾಕುವುದು ಬೇರೆ, ಸಾರ ತೆಗೆದು ಗಟ್ಟಿ ಮಾಡಿದ ಮಾತ್ರೆ ದಿನಾ ನುಂಗುವುದು ಬೇರೆ. ಅಂಥ ಮಾತ್ರೆ ನುಂಗಿದ ಕೆಲವರ ಪಿತ್ತಜನಕಾಂಗಕ್ಕೆ ಏಟು ಬಿದ್ದ ಉದಾಹರಣೆಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಸಾರು ಉಣ್ಣಿ, ಮಾತ್ರೆ ಬೇಡ.

ಇನ್ನು ಬಿಂಬುಳಿ, ಮತ್ತು ನಕ್ಷತ್ರ ಹಣ್ಣು ಎನ್ನುವ ಧಾರೆಹುಳಿ. ಇವುಗಳಲ್ಲಿ ಆಕ್ಸಾಲಿಕ್ ಆಮ್ಲ ಜಾಸ್ತಿ. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ಇಡಿ. ಆಕ್ಸಾಲಿಕ್ ಆಮ್ಲ ರಕ್ತಕ್ಕೆ ಸೇರಿದ ಮೇಲೆ ಹೊರಹೋಗುವ ದಾರಿ ಕಿಡ್ನಿ. ಅಲ್ಲಿ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತದೆ. ಕೊಲೆಸ್ಟ್ರಾಲ್ ಇಳಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಬಿಂಬುಳಿ ರಸವನ್ನು ಲೋಟಗಟ್ಟಲೆ ಕುಡಿದು, ಕಿಡ್ನಿ ಕೆಲಸ ನಿಲ್ಲಿಸಿ ಆಸ್ಪತ್ರೆ ಸೇರಿದವರ ಬಗ್ಗೆ ಕೇರಳದ ವೈದ್ಯರು ವರದಿ ಮಾಡಿದ್ದಾರೆ. ನಕ್ಷತ್ರ ಹಣ್ಣಿನಲ್ಲಿ ಕ್ಯಾರಾಂಬಾಕ್ಸಿನ್ ಎಂಬ ನರಗಳಿಗೆ ವಿಷವಾಗುವ ವಸ್ತುವೂ ಇದೆ. ಆರೋಗ್ಯವಂತರ ಕಿಡ್ನಿ ಅದನ್ನು ಹೊರಹಾಕುತ್ತದೆ. ಕಿಡ್ನಿ ಸೋತವರಲ್ಲಿ ಅದು ಉಳಿದು ಮೊದಲು ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್ ತರುತ್ತದೆ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಒಂದು ಹಣ್ಣೂ ಕೊಡಬಾರದು. ಉಳಿದವರು ಉಪ್ಪಿನಕಾಯಿಗೆ, ಗೊಜ್ಜಿಗೆ ನಾಲ್ಕು ಹೋಳು ಹಾಕಿ ಉಂಡರೆ ಚಿಂತೆಯಿಲ್ಲ. ಬರಿಹೊಟ್ಟೆಗೆ ರಸ ಹಿಂಡಿ ಕುಡಿಯುವ ‘ಮನೆಮದ್ದು’ ಮಾತ್ರ ಯಾರಿಗೂ ಬೇಡ.

ಕಿಡ್ನಿ ಕಲ್ಲಿನ ವಿಷಯದಲ್ಲಿ ಸಿಟ್ರಿಕ್ ಆಮ್ಲ ಇದಕ್ಕೆ ತದ್ವಿರುದ್ಧ. ಅದರಿಂದ ಬರುವ ಸಿಟ್ರೇಟ್ ಮೂತ್ರದಲ್ಲಿ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟು ಹರಳಾಗದಂತೆ ತಡೆಯುತ್ತದೆ. ಕಲ್ಲಾದವರಿಗೆ ನಿಂಬೆ ಪಾನಕ ಕುಡಿಯಿರಿ ಎಂದು ಡಾಕ್ಟರ್ ಹೇಳುವುದು ಇದಕ್ಕೇ. ಒಂದು ಹುಳಿ ಕಲ್ಲು ಕಟ್ಟುತ್ತದೆ, ಇನ್ನೊಂದು ತಡೆಯುತ್ತದೆ. ಇಬ್ಬರಿಗೂ "ಹುಳಿ ಬಿಡಿ" ಎಂಬ ಒಂದೇ ಸಲಹೆ ಕೊಟ್ಟರೆ ಹೇಗೆ?

ನಾಲ್ಕನೆಯದು: ಕಣ್ಣಾರೆ ನೋಡಿ

ಬೇಲಿಯ ಶಂಖಪುಷ್ಪದ ನೀಲಿ ಹೂ ಏಳೆಂಟು ತಂದು ಬಿಸಿನೀರಿಗೆ ಹಾಕಿ. ನೀರು ನೀಲಿಯಾಗುತ್ತದೆ. ಅದನ್ನು ಮೂರು ಗಾಜಿನ ಲೋಟಕ್ಕೆ ಹಂಚಿ. ಒಂದಕ್ಕೆ ನಿಂಬೆ ರಸ, ಒಂದಕ್ಕೆ ಸೋಸಿದ ಹುಣಸೆ ನೀರು, ಒಂದಕ್ಕೆ ಮಜ್ಜಿಗೆಯ ಮೇಲಿನ ತಿಳಿ, ಒಂದೊಂದು ಚಮಚ. ನೀಲಿ ತಿರುಗಿ ನೇರಳೆಯಾಗುತ್ತದೆ, ಹುಳಿ ಚುರುಕಾಗಿದ್ದಲ್ಲಿ ಕೆಂಪು ಮಿಶ್ರಿತ ಗುಲಾಬಿಯೂ ಆಗುತ್ತದೆ. ಇದು ಹುಳಿಯ ಚುರುಕು. ರಸಾಯನಶಾಸ್ತ್ರದಲ್ಲಿ ಇದನ್ನು ಅಳೆಯುವುದು ಪಿಎಚ್ ಎಂಬ ಲೆಕ್ಕದಲ್ಲಿ. ಏಳು ಅಂದರೆ ಶುದ್ಧ ನೀರು. ಅಂಕಿ ಒಂದು ಇಳಿದರೆ ಚುರುಕು ಹತ್ತು ಪಟ್ಟು ಏರಿದಂತೆ. ನಿಂಬೆ ರಸ ಎರಡರಿಂದ ಎರಡೂವರೆ, ಹುಣಸೆ ರಸ ಮೂರರ ಆಸುಪಾಸು, ಮಜ್ಜಿಗೆ ಸುಮಾರು ನಾಲ್ಕೂವರೆ, ಕಾಫಿ ಐದರ ಹತ್ತಿರ.

ಈಗ ಇನ್ನೊಂದು. ನಾಲ್ಕು ಚಮಚ ನಿಂಬೆ ರಸ, ನಾಲ್ಕು ಚಮಚ ಮಜ್ಜಿಗೆ ಬೇರೆ ಬೇರೆ ಬಟ್ಟಲಿಗೆ ಹಾಕಿ. ಎರಡಕ್ಕೂ ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕುತ್ತ ಹೋಗಿ. ಮಜ್ಜಿಗೆಯಲ್ಲಿ ಒಂದು ಚಿಟಿಕೆಗೇ ನೊರೆ ನಿಂತುಬಿಡುತ್ತದೆ. ನಿಂಬೆ ರಸ ಚಿಟಿಕೆಯ ಮೇಲೆ ಚಿಟಿಕೆ ನುಂಗಿ ನೊರೆ ಉಕ್ಕಿಸುತ್ತಲೇ ಇರುತ್ತದೆ. ಇದು ಹುಳಿಯ ಒಟ್ಟು ಮೊತ್ತ. ಹಲ್ಲಿಗೆ, ಕೆರಳಿದ ಅನ್ನನಾಳಕ್ಕೆ ಚುರುಕು ಎಷ್ಟು ಮುಖ್ಯವೋ ಈ ಮೊತ್ತವೂ ಅಷ್ಟೇ ಮುಖ್ಯ. ತೆಳು ಮಜ್ಜಿಗೆ ಹೆಚ್ಚಿನವರಿಗೆ ಒಗ್ಗುವುದು ಏಕೆ ಎಂದು ಈ ಎರಡು ಬಟ್ಟಲು ನೋಡಿದರೆ ಸಾಕು, ಗೊತ್ತಾಗುತ್ತದೆ.

ಮಕ್ಕಳನ್ನು ಕೂರಿಸಿಕೊಂಡು ಮಾಡಿ. ಶಾಲೆಯ ಪಾಠ ಅಡುಗೆಮನೆಗೆ ಬಂದರೆ ಅವರಿಗೂ ಖುಷಿ.

ಇದೇ ಹೊತ್ತಿಗೆ ಇನ್ನೊಂದು ಮಾತು. ನಮ್ಮ ಹೊಟ್ಟೆಯಲ್ಲೇ ಊರುವ ಹೈಡ್ರೋಕ್ಲೋರಿಕ್ ಆಮ್ಲದ ಪಿಎಚ್ ಒಂದೂವರೆಯಿಂದ ಮೂರೂವರೆ. ಬಟ್ಟಲು ಸಾರು ಅಲ್ಲಿಗೆ ಹೋಗಿ ಹೊಟ್ಟೆಯನ್ನು ಇನ್ನಷ್ಟು ಆಮ್ಲವಾಗಿಸುವುದಿಲ್ಲ. ಎದೆಯುರಿ ಬರುವುದು ಹೊಟ್ಟೆಯ ಬಾಯಿಯ ಬಿಗಿ ಸಡಿಲವಾಗಿ, ಒಳಗಿನ ಆಮ್ಲ ಮೇಲೆ ಹತ್ತಿದಾಗ. ಹಾಗೆ ಕೆರಳಿದ ಜಾಗವನ್ನು ನುಂಗಿದ ಹುಳಿ ಹಾದುಹೋಗುವಾಗ ಚುರ್ರೆನ್ನುತ್ತದೆ. ಹೊಟ್ಟೆಯ ಹುಣ್ಣಿಗೂ ಹುಳಿ ಕಾರಣವಲ್ಲ. ಹೆಚ್ಚಿನ ಹುಣ್ಣುಗಳ ಹಿಂದೆ ಇರುವುದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಅಥವಾ ನೋವಿನ ಮಾತ್ರೆ. ಈ ಬ್ಯಾಕ್ಟೀರಿಯಾ ಪತ್ತೆ ಮಾಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್‌ಗೆ 2005ರಲ್ಲಿ ನೊಬೆಲ್ ಬಂತು. ಪರೀಕ್ಷೆ ಇದೆ, ಗುಣ ಮಾಡುವ ಔಷಧ ಇದೆ. ವರ್ಷಗಟ್ಟಲೆ ಸಪ್ಪೆ ಅನ್ನ ಉಣ್ಣುವ ಬದಲು ಒಮ್ಮೆ ಪರೀಕ್ಷೆ ಮಾಡಿಸುವುದು ಮೇಲು.

ಐದನೆಯದು: ಹುಳಿಯಲ್ಲದ್ದನ್ನು ಬೇರೆ ಮಾಡಿ

ಸಿಟ್ರಿಕ್ ಆಮ್ಲಕ್ಕೆ ನಿಜವಾದ ಅಲರ್ಜಿ ಎಂಬುದು ಇಲ್ಲವೆನ್ನುವಷ್ಟು ಅಪರೂಪ. ಅಲರ್ಜಿ ಆಗುವುದು ಸಾಮಾನ್ಯವಾಗಿ ಪ್ರೋಟೀನಿಗೆ. ಸಿಟ್ರಿಕ್ ಆಮ್ಲ ತೀರಾ ಚಿಕ್ಕ ಅಣು, ಮೇಲಾಗಿ ಅದು ನಮ್ಮದೇ ಜೀವಕೋಶಗಳಲ್ಲಿ ಪ್ರತಿಕ್ಷಣ ತಯಾರಾಗಿ ಕರಗುತ್ತಿರುತ್ತದೆ. ಆಹಾರದಿಂದ ಶಕ್ತಿ ಹುಟ್ಟುವ ಆ ಚಕ್ರವನ್ನು ಹ್ಯಾನ್ಸ್ ಕ್ರೆಬ್ಸ್ 1937ರಲ್ಲಿ ವಿವರಿಸಿದರು. ಕಿತ್ತಳೆ ತಿಂದು ಮೈ ದದ್ದು ಎದ್ದರೆ ಕಿತ್ತಳೆಯ ಪ್ರೋಟೀನ್ ನೋಡಬೇಕು, ಅದರ ಹುಳಿಯನ್ನಲ್ಲ. ಟೊಮೆಟೊ ತಿಂದ ಮಗುವಿನ ಬಾಯಿ ಸುತ್ತ ಮಾತ್ರ ಕೆಂಪಾಗಿ ಅರ್ಧ ಗಂಟೆಗೆ ಮಾಯವಾದರೆ ಅದು ಬಹುಪಾಲು ಬರಿಯ ಚರ್ಮದ ಕೆರಳಿಕೆ. ತಿನ್ನಿಸುವ ಮುಂಚೆ ಬಾಯಿ ಸುತ್ತ ಸ್ವಲ್ಪ ತುಪ್ಪ ಸವರಿ ನೋಡಿ.

ಹೊಸನಗರದ ಕಡೆ ಇರುವ ನಮ್ಮ ಚಿಕ್ಕಮ್ಮನದು ಬೇರೆಯೇ ಆಯಿತು. ಪ್ರತಿ ವರ್ಷ ಮಿಡಿ ಉಪ್ಪಿನಕಾಯಿ ಹಾಕುವ ಕಾಲಕ್ಕೆ ತುಟಿ ಸುಟ್ಟು ಸಿಪ್ಪೆ ಏಳುತ್ತಿತ್ತು. ಕಣ್ಣಿನ ರೆಪ್ಪೆಯೂ ಊದುತ್ತಿತ್ತು. ಹುಳಿಯನ್ನೆಲ್ಲ ಬಿಟ್ಟು ಮಜ್ಜಿಗೆಗೂ ಹೆದರುವ ಹಾಗಾಗಿದ್ದರು.

"ಚಿಕ್ಕಮ್ಮ, ನಿಂಬೆ ಪಾನಕ ಕುಡಿದರೂ ತುಟಿ ಸುಡತ್ತಾ?"

"ಇಲ್ಲ ಮಾರಾಯ, ಅದೇನೂ ಆಗಲ್ಲ. ಮಿಡಿ ಬಂದಾಗ ಮಾತ್ರ."

"ಮಿಡಿ ಆರಿಸಿ ತೊಟ್ಟು ಮುರಿಯೋದು ಯಾರು?"

"ನಾನೇ ಅಲ್ವಾ ಮತ್ತೆ. ಇನ್ಯಾರು ಮಾಡ್ತಾರೆ?"

ಕಾರಣ ಸೊನೆ. ಅಪ್ಪೆಮಿಡಿಯ ಬೆಲೆ ಇರುವುದೇ ಆ ಸೊನೆಯ ಪರಿಮಳದಲ್ಲಿ. ಆದರೆ ಮಾವಿನ ಸೊನೆಯಲ್ಲೂ ಸಿಪ್ಪೆಯಲ್ಲೂ ಚರ್ಮವನ್ನು ಕೆರಳಿಸುವ ರೆಸಾರ್ಸಿನಾಲ್ ಜಾತಿಯ ವಸ್ತುಗಳಿವೆ. ಗೇರುಬೀಜದ ಸಿಪ್ಪೆಯ ಎಣ್ಣೆಯಲ್ಲಿರುವುದು ಇದರದ್ದೇ ಬಳಗ. ಮಾವು, ಗೇರು ಎರಡೂ ಒಂದೇ ಕುಟುಂಬದ ಮರಗಳು. ಸೊನೆ ತಾಗಿದ ಒಂದೆರಡು ದಿನದ ಮೇಲೆ ಚರ್ಮ ಏಳುವುದರಿಂದ ಅದಕ್ಕೂ ಇದಕ್ಕೂ ನಂಟು ಹೊಳೆಯುವುದಿಲ್ಲ. ಇಂಥವರು ತೊಟ್ಟು ಮುರಿಯುವ ಕೆಲಸವನ್ನು ಬೇರೆಯವರಿಗೆ ಬಿಡಬೇಕು, ಇಲ್ಲವೇ ಕೈಗವಸು ಹಾಕಬೇಕು, ಆ ಕೈಯಲ್ಲಿ ಮುಖ ಮುಟ್ಟಬಾರದು. ಸೊನೆ ತುಂಬಿದ ಉಪ್ಪಿನಕಾಯಿಯೂ ಕೆಲವರಿಗೆ ಆಗುವುದಿಲ್ಲ. ಸಿಪ್ಪೆ ದಪ್ಪಗೆ ಹೆರೆದ ಮಾವಿನ ಹಣ್ಣು ಆಗಬಹುದು. ಚಿಕ್ಕಮ್ಮ ಈಗ ಸಾರು, ತಂಬುಳಿ ಎಲ್ಲ ಉಣ್ಣುತ್ತಾರೆ.

ನಿಂಬೆ, ಕಂಚಿಯ ರಸ ಕೈಗೆ ತಾಗಿಸಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಅದೂ ಆಮ್ಲದ್ದಲ್ಲ. ಸಿಪ್ಪೆಯಲ್ಲಿರುವ ಫ್ಯೂರಾನೋಕೌಮರಿನ್ ಎಂಬ ವಸ್ತು ಬಿಸಿಲಿನ ಜೊತೆ ಸೇರಿ ಮಾಡುವ ಕೆಲಸ. ಸೋಪು ಹಾಕಿ ತೊಳೆದುಕೊಂಡೇ ಅಂಗಳಕ್ಕೆ ಇಳಿಯಿರಿ.

ಕೆಸುವಿನ ಎಲೆ, ಸುವರ್ಣಗೆಡ್ಡೆ ತಿಂದು ಗಂಟಲು ತುರಿಸುವುದು ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿ ಹರಳುಗಳಿಂದ. ಇಲ್ಲಿ ಹುಳಿ ಕೆಡುಕು ಮಾಡುವುದಿಲ್ಲ, ಉಪಕಾರ ಮಾಡುತ್ತದೆ. ಪತ್ರೊಡೆಗೆ ಹುಳಿ ಕಡಿಮೆಯಾದರೆ ಗಂಟಲು ಕೆರೆಯುತ್ತದೆ ಎಂದು ಅಮ್ಮಂದಿರು ಹೇಳುವುದು ಸುಮ್ನೆ ಅಲ್ಲ. ಹುಳಿಯ ಜೊತೆಗೆ ಚೆನ್ನಾಗಿ ಬೇಯಿಸುವುದೂ ಬೇಕು.

ಅನಾನಸ್ ತಿಂದಾಗ ನಾಲಿಗೆ ಚುಳುಚುಳು ಎನ್ನುವುದರಲ್ಲಿ ಬ್ರೊಮಿಲೇನ್ ಎಂಬ, ಪ್ರೋಟೀನನ್ನೇ ಕರಗಿಸುವ ಕಿಣ್ವದ ಪಾಲಿದೆ. ಬೇಯಿಸಿದರೆ ಅದು ಸಾಯುತ್ತದೆ. ಹಸಿ ಅನಾನಸ್ ಆಗದವರು ಅದರ ಗೊಜ್ಜು ಉಂಡು ನೋಡಿ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ತೊಂದರೆ ಲ್ಯಾಕ್ಟೋಸ್ ಎಂಬ ಸಕ್ಕರೆಯದು, ಲ್ಯಾಕ್ಟಿಕ್ ಆಮ್ಲದ್ದಲ್ಲ. ಹೆಪ್ಪಿನ ಬ್ಯಾಕ್ಟೀರಿಯಾ ಆ ಸಕ್ಕರೆಯ ಒಂದು ಪಾಲನ್ನು ತಿಂದು ಆಮ್ಲ ಮಾಡಿರುತ್ತದೆ. ಹಾಗಾಗಿ ಹಾಲು ಆಗದ ಎಷ್ಟೋ ಜನರಿಗೆ ಮಜ್ಜಿಗೆ ಆಗುತ್ತದೆ.

ಈಗ ಹೇಳುವುದನ್ನು ಅಡಿಕೆ ಸೀಮೆಯವರು ದಯವಿಟ್ಟು ಗಮನವಿಟ್ಟು ಓದಿ. ಎಲೆ ಅಡಿಕೆ, ಗುಟ್ಕಾ ಹಾಕುವವರಿಗೆ ಹುಳಿ ಖಾರ ತಾಗಿದರೆ ಬಾಯಿ ಉರಿಯುತ್ತಿದೆ ಎಂದರೆ ಅದನ್ನು ಹುಳಿಯ ಮೇಲೆ ಹಾಕಿ ಸುಮ್ಮನಾಗಬೇಡಿ. ಕೆನ್ನೆಯ ಒಳಪದರ ಗಟ್ಟಿಯಾಗುತ್ತ ಹೋಗುವ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ಕಾಯಿಲೆಯ ಮೊದಲ ಸೂಚನೆಗಳಲ್ಲಿ ಈ ಉರಿಯೂ ಒಂದು. ಕನ್ನಡಿ ಮುಂದೆ ನಿಂತು ಬಾಯಿ ಪೂರ್ತಿ ತೆರೆಯಿರಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮೇಲಿನ ಮತ್ತು ಕೆಳಗಿನ ಮುಂಹಲ್ಲಿನ ನಡುವೆ ಹೋಗುತ್ತವೆಯೇ? ಕೆನ್ನೆಯ ಒಳಗೆ ಬಿಳಿಚಿದ ಪಟ್ಟಿಗಳಿವೆಯೇ? ಬೆರಳು ಹೋಗದಿದ್ದರೆ, ಪಟ್ಟಿ ಕಂಡರೆ ಹಲ್ಲಿನ ಡಾಕ್ಟರ ಹತ್ತಿರ ಹೋಗಲೇಬೇಕು. ಇದು ಬಾಯಿಯ ಕ್ಯಾನ್ಸರಿಗೆ ತಿರುಗಬಹುದು. ಅಡಿಕೆ ಜಗಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕ ಎಂದು ಗುರುತಿಸಿದೆ. ನಮ್ಮ ಅನ್ನ ಅಡಿಕೆಯದೇ ಎಂದು ಗೊತ್ತಿದ್ದೂ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಬೇಗ ಬಿಟ್ಟರೆ ಬಾಯಿ ಉಳಿಯುತ್ತದೆ.

ಆರನೆಯದು: ಬಿಟ್ಟು ನೋಡಿ, ಮತ್ತೆ ಸೇರಿಸಿ ನೋಡಿ

ಅಷ್ಟೆಲ್ಲ ಬೇರೆ ಮಾಡಿದ ಮೇಲೂ ಅನುಮಾನ ಉಳಿದರೆ ಎರಡು ವಾರ ಮಜ್ಜಿಗೆ, ಹುಣಸೆ, ಮುರುಗಲು, ನಿಂಬೆ, ಟೊಮೆಟೊ, ಉಪ್ಪಿನಕಾಯಿ, ಬಾಟಲಿ ಪಾನೀಯ ಬಿಡಿ. ಖಾರವನ್ನೂ ತಗ್ಗಿಸಿ, ಇಲ್ಲದಿದ್ದರೆ ಫಲಿತಾಂಶ ಕಲಸಿಹೋಗುತ್ತದೆ. ಈ ದಿನಗಳಲ್ಲಿ ಬೇಳೆಯ ತೊವ್ವೆ, ಕಾಯಿಪಲ್ಯ, ಗಂಜಿ ಸಾಕಷ್ಟಾಯಿತು. ಎರಡು ವಾರವಾದರೂ ತೊಂದರೆ ಹಾಗೇ ಇದ್ದರೆ ಹುಳಿ ಕಾರಣವಲ್ಲ. ಮತ್ತೆ ತಿನ್ನಲು ಶುರು ಮಾಡಿ, ಡಾಕ್ಟರ ಹತ್ತಿರ ಹೋಗಿ.

ಕಡಿಮೆಯಾದರೆ ಒಂದೊಂದೇ ಸೇರಿಸಿ. ಶುರುವಿಗೆ ತೆಳು ಮಜ್ಜಿಗೆ, ಮಧ್ಯಾಹ್ನ ಊಟದ ಜೊತೆ ಅರ್ಧ ಲೋಟ. ಏನೂ ಆಗದಿದ್ದರೆ ಮರುದಿನ ಒಂದು ಲೋಟ. ಮೂರು ದಿನ ನೋಡಿ. ಆಮೇಲೆ ಟೊಮೆಟೊ, ಆಮೇಲೆ ಹುಣಸೆ, ಆಮೇಲೆ ಮುರುಗಲು, ಆಮೇಲೆ ನಿಂಬೆ, ಕಡೆಗೆ ಉಪ್ಪಿನಕಾಯಿ. ಹೊಸದನ್ನು ಸೇರಿಸುವುದು ಯಾವಾಗಲೂ ಮಧ್ಯಾಹ್ನ, ಬರಿಹೊಟ್ಟೆಗಲ್ಲ, ರಾತ್ರಿಯೂ ಅಲ್ಲ. ಮುರುಗಲು ‘ತಂಪು’ ಎಂಬ ಮಾತು ಕೇಳಿ ಅದರಿಂದಲೇ ಶುರು ಮಾಡುವವರಿದ್ದಾರೆ. ಅದರ ಸಿಪ್ಪೆ ಹುಣಸೆಗಿಂತ ಸೌಮ್ಯವೇನಲ್ಲ. ಪಾನಕ ತೆಳುವಾಗಿ, ಸಿಹಿಯಾಗಿ ಇರುವುದರಿಂದ ಹಾಗೆ ಅನ್ನಿಸುತ್ತದೆ ಅಷ್ಟೆ.

ಒಂದು ಹುಳಿ ಕೈಕೊಟ್ಟರೆ ಅದನ್ನು ಅಲ್ಲಿಗೇ ಬಿಟ್ಟು, ಮೈ ಸರಿಯಾಗುವವರೆಗೆ ಕಾದು, ಮುಂದಿನದಕ್ಕೆ ಹೋಗಿ. ಕೆಲವು ವಾರ ಬಿಟ್ಟು ಇನ್ನೊಮ್ಮೆ ಪರೀಕ್ಷಿಸಿ. ಎರಡು ಸಲವೂ ಹಾಗೇ ಆದರೆ ಅದನ್ನು ನಂಬಬಹುದು.

ಏಳನೆಯದು: ಪ್ಯಾಕೆಟಿನ ಹಿಂಬದಿ

ಮನೆಯ ನಿಂಬೆಹಣ್ಣು ಆಗುತ್ತದೆ, ಅಂಗಡಿಯ ಸ್ಕ್ವಾಷ್ ಆಗುವುದಿಲ್ಲ ಎಂದರೆ ಬಾಟಲಿಯ ಮೇಲಿನ ಅಂಕಿ ಓದಿ. 330 ಸಿಟ್ರಿಕ್, 334 ಟಾರ್ಟಾರಿಕ್, 296 ಮ್ಯಾಲಿಕ್, 270 ಲ್ಯಾಕ್ಟಿಕ್, 260 ಅಸಿಟಿಕ್, 338 ಫಾಸ್ಫಾರಿಕ್ (ಕೋಲಾಗಳಲ್ಲಿ ಇರುವುದು). ಇವು ಹುಳಿಗಾಗಿ ಹಾಕಿದವು. ಕೆಡದಂತೆ ಹಾಕುವವು ಬೇರೆ. 211 ಸೋಡಿಯಂ ಬೆಂಜೋಯೇಟ್, ಕೆಲವರಿಗೆ ಇದರಿಂದ ಮೈ ದದ್ದು ಏಳುತ್ತದೆ. 220ರಿಂದ 224ರವರೆಗಿನವು ಸಲ್ಫೈಟ್ ಬಳಗ. ಇದು ಕೆಲವು ಅಸ್ತಮಾ ರೋಗಿಗಳಿಗೆ ಉಬ್ಬಸ ತರುತ್ತದೆ. ಹುಳಿ ಪಾನೀಯದಲ್ಲಿ ಸಲ್ಫೈಟ್ ಇನ್ನೂ ಚುರುಕು, ಏಕೆಂದರೆ ಆಮ್ಲದಲ್ಲಿ ಅದು ಸಲ್ಫರ್ ಡೈಆಕ್ಸೈಡ್ ಅನಿಲವಾಗಿ ಹೊರಬರುತ್ತದೆ. ಪಾನೀಯ ಗುಟುಕರಿಸಿದ ತಕ್ಷಣ ಕೆಮ್ಮು, ಎದೆ ಬಿಗಿತ ಬಂದರೆ ಆ ಬಾಟಲಿಯನ್ನೇ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಎಂಟನೆಯದು: ಅಡುಗೆಯಲ್ಲಿ, ಬಾಯಲ್ಲಿ, ರಾತ್ರಿಯಲ್ಲಿ

ಬೆಲ್ಲ ಹಾಕಿದರೆ ಹುಳಿ ಮುರಿಯುತ್ತದೆ ಎನ್ನುತ್ತೇವೆ. ಮುರಿಯುವುದು ನಾಲಿಗೆಗೆ ಮಾತ್ರ. ಆಮ್ಲ ಅಷ್ಟೇ ಇರುತ್ತದೆ. ನಿಜಕ್ಕೂ ಕಡಿಮೆ ಮಾಡಬೇಕಾದರೆ ಹುಳಿಯನ್ನೇ ಕಡಿಮೆ ಹಾಕಿ, ಇಲ್ಲವೇ ನೀರು ಹೆಚ್ಚಿಸಿ. ನೀರು ಬೆರೆಸಿದರೆ ಪಿಎಚ್ ಹೆಚ್ಚು ಏರುವುದಿಲ್ಲ, ಆದರೆ ಒಂದು ಲೋಟದಲ್ಲಿರುವ ಒಟ್ಟು ಆಮ್ಲ ಇಳಿಯುತ್ತದೆ. ಸೋಡಾ ಹಾಕಿ ಹುಳಿ ಕೊಲ್ಲುವುದು ಬೇಡ. ರುಚಿ ಹೋಗುತ್ತದೆ, ಸೋಡಿಯಂ ಸೇರುತ್ತದೆ. ಎದೆಯುರಿಗೆ ಪೊಟ್ಟಣದ ಪುಡಿಯನ್ನು ನೀರಿಗೆ ಹಾಕಿ ನೊರೆ ಬಂದಾಗ ಕುಡಿಯುತ್ತಾರಲ್ಲ, ಅದರಲ್ಲೂ ಸೋಡಾ ಮತ್ತು ಸಿಟ್ರಿಕ್ ಆಮ್ಲವೇ ಇರುವುದು. ಅಪರೂಪಕ್ಕೆ ಸರಿ. ಬಿಪಿ ಇರುವವರು ದಿನಾ ಕುಡಿಯಬಾರದು.

ಹುಳಿಯ ಅಡುಗೆಯನ್ನು ಕಲಾಯಿ ಹೋದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಇಡಬೇಡಿ. ಆಮ್ಲ ತಾಮ್ರವನ್ನು ಕರಗಿಸಿ ಕಿಲುಬು ಮಾಡುತ್ತದೆ, ಅದು ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು. ಎಷ್ಟೋ ಮದುವೆ ಮನೆಗಳ ‘ಸಾರು ಆಗಲಿಲ್ಲ’ ಎಂಬ ದೂರಿಗೆ ಪಾತ್ರೆಯೇ ಕಾರಣವಿರಬಹುದು. ಕಲ್ಲಿನ ಮರಿಗೆ, ಮಣ್ಣಿನ ಗಡಿಗೆ, ಸ್ಟೀಲು ಒಳ್ಳೆಯದು. ಉಪ್ಪಿನಕಾಯಿಗೆ ಪಿಂಗಾಣಿ ಜಾಡಿಯೇ ಸರಿ. ಹುಳಿ ಕಡಿಮೆ ಮಾಡುವ ಹುಮ್ಮಸ್ಸಿನಲ್ಲಿ ಉಪ್ಪಿನಕಾಯಿಯ ಹುಳಿ ಉಪ್ಪು ಮಾತ್ರ ತಗ್ಗಿಸಬೇಡಿ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಬಾಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಜಾಡಿಯನ್ನು ವರ್ಷಗಟ್ಟಲೆ ಕಾಯುವುದು ಹುಳಿಯೂ ಉಪ್ಪೂ ಸೇರಿ. ಬೇಕಿದ್ದರೆ ತಿನ್ನುವುದನ್ನು ಕಡಿಮೆ ಮಾಡಿ.

ಹಲ್ಲಿನ ಹೊರಕವಚ ಪಿಎಚ್ ಸುಮಾರು 5.5ಕ್ಕಿಂತ ಇಳಿದಾಗ ಕರಗಲು ತೊಡಗುತ್ತದೆ. ಹುಣಸೆ ಚಿಗಳಿ ಚೀಪುತ್ತ ಕೂರುವ ಮಕ್ಕಳ ಹಲ್ಲು ಜುಂ ಎನ್ನುವುದು ಇದಕ್ಕೆ. ಚೀಪುವುದಕ್ಕಿಂತ ಒಮ್ಮೆಗೆ ತಿಂದು ಮುಗಿಸಿ, ನೀರಿನಲ್ಲಿ ಬಾಯಿ ಮುಕ್ಕಳಿಸುವುದು ಮೇಲು. ಹುಳಿ ತಿಂದ ತಕ್ಷಣ ಹಲ್ಲುಜ್ಜಬಾರದು. ಮೆತ್ತಗಾದ ಕವಚ ಬ್ರಷ್‌ಗೆ ಸವೆಯುತ್ತದೆ. ಕನಿಷ್ಠ ಅರ್ಧ ಗಂಟೆ ಬಿಡಿ.

ಎದೆಯುರಿಯವರು ರಾತ್ರಿ ಊಟ ಬೇಗ ಮುಗಿಸಿ. ಉಂಡ ಮೇಲೆ ಎರಡು ಮೂರು ಗಂಟೆ ಮಲಗಬೇಡಿ. ಮಂಚದ ತಲೆಭಾಗದ ಕಾಲುಗಳ ಕೆಳಗೆ ಇಟ್ಟಿಗೆ ಇಟ್ಟು ಅರ್ಧ ಅಡಿ ಎತ್ತರಿಸಿ. ದಿಂಬು ಪೇರಿಸಿದರೆ ಕುತ್ತಿಗೆ ಮಾತ್ರ ಬಾಗುತ್ತದೆ, ಉಪಯೋಗವಿಲ್ಲ. ಎಡಮಗ್ಗುಲಾಗಿ ಮಲಗಿ.

ಬಾಣಂತಿಗೆ, ಆಪರೇಷನ್ ಆದವರಿಗೆ "ಹುಳಿ ತಿಂದರೆ ಕೀವಾಗುತ್ತೆ" ಎಂದು ತಿಂಗಳುಗಟ್ಟಲೆ ಹುಳಿ ಕೊಡದ ಮನೆಗಳು ಈಗಲೂ ಇವೆ. ಹುಳಿಯಿಂದ ಕೀವಾಗುವುದಿಲ್ಲ. ಗಾಯ ಕೂಡಲು ಸಿ ಜೀವಸತ್ವ ಬೇಕೇ ಬೇಕು. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಅದರ ಕಬ್ಬಿಣಾಂಶವೂ ಮೈಗೆ ಚೆನ್ನಾಗಿ ಹತ್ತುತ್ತದೆ. ರಕ್ತ ಕಳೆದುಕೊಂಡ ಹೆಂಗಸಿಗೆ ಅದನ್ನು ತಪ್ಪಿಸುವುದು ಅನ್ಯಾಯ. ಗಂಟುನೋವಿಗೂ ಹಾಗೇ. ರಕ್ತದ ಪಿಎಚ್ 7.35ರಿಂದ 7.45ರ ಒಳಗೇ ಇರುವಂತೆ ಶ್ವಾಸಕೋಶ, ಕಿಡ್ನಿ ನೋಡಿಕೊಳ್ಳುತ್ತವೆ. ಸಾರಿನ ಹುಳಿ ಅದನ್ನು ಅಲುಗಿಸುವುದಿಲ್ಲ. ಗೌಟ್ ಎಂಬ ಗಂಟುನೋವು ತರುವ ಯೂರಿಕ್ ಆಮ್ಲ ಹುಣಸೆಯಿಂದ ಬರುವುದಲ್ಲ. ಅದು ನಮ್ಮ ಮೈಯಲ್ಲೇ ಪ್ಯೂರಿನ್ ಎಂಬ ವಸ್ತು ಒಡೆದಾಗ ಹುಟ್ಟುವುದು, ಮಾಂಸ, ಕೆಲವು ಮೀನು, ಬಿಯರ್ ಅದನ್ನು ಹೆಚ್ಚಿಸುತ್ತವೆ.

ಡಾಕ್ಟರ ಹತ್ತಿರ ಹೋಗುವಾಗ ಆ ನೋಟ್‌ಬುಕ್ ಜೊತೆಗಿರಲಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇರಲಿ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಇರಲಿ, ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. "ಹುಳಿ ಆಗಲ್ಲ ಡಾಕ್ಟ್ರೇ" ಎನ್ನುವ ಬದಲು "ಹುಣಸೆ, ಮಜ್ಜಿಗೆ ಆಗುತ್ತೆ, ನಿಂಬೆ ಎರಡು ಸಲ ಕೊಟ್ಟು ನೋಡಿದೆ, ಎರಡು ಸಲವೂ ಅರ್ಧ ಗಂಟೆಯಲ್ಲಿ ಎದೆ ಉರಿಯಿತು, ಮಂಡಿನೋವಿಗೆ ಈ ಮಾತ್ರೆ ನುಂಗುತ್ತಿದ್ದೇನೆ" ಎಂದು ಹೇಳಿ, ಮಾತ್ರೆಯ ಪಟ್ಟಿ ತೋರಿಸಿ.